ಗೂಡಿನ ವಿಳಾಸ ಯಾರ ಕೈಗೆ?

1958ರ ಜೂನ್ ತಿಂಗಳ ಒಂದು ರಾತ್ರಿ. ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಸರೋವರದ ಬಳಿ ಒಂದು ಮರದ ನೆತ್ತಿಯಲ್ಲಿ ಆಸ್ಪ್ರೇ ಹಕ್ಕಿಯ ಗೂಡಿತ್ತು. ಕಾವಲಿಗೆ ಜನರೂ ಇದ್ದರು. ಆದರೂ ಕತ್ತಲಲ್ಲಿ ಯಾರೋ ಮರ ಹತ್ತಿ, ಇಳಿದು, ಓಡಿಹೋದರು. ಆಮೇಲೆ ನೋಡಿದರೆ ಗೂಡಿನಲ್ಲಿ ಮೊಟ್ಟೆಗಳೇನೋ ಇದ್ದವು, ಆದರೆ ಆಸ್ಪ್ರೇಯದಲ್ಲ. ಕೋಳಿಮೊಟ್ಟೆಗೆ ಕಂದು ಬಣ್ಣದ ಬೂಟ್ ಪಾಲಿಷ್ ಬಳಿದು ಇಟ್ಟಿದ್ದರು!

ಮೀನು ಹಿಡಿದು ಬದುಕುವ ಈ ಬೇಟೆಹಕ್ಕಿ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದನ್ನು ಬಿಟ್ಟು ಆಗಲೇ ದಶಕಗಳು ಕಳೆದಿದ್ದವು. ಬಂದೂಕಿನ ಜೊತೆಗೆ ಮೊಟ್ಟೆ ಸಂಗ್ರಹಿಸುವವರ ಗೀಳೂ ಅದನ್ನು ಅಲ್ಲಿಂದ ಅಳಿಸಿಹಾಕಿತ್ತು. ಹಕ್ಕಿ ವಿರಳವಾದಷ್ಟೂ ಸಂಗ್ರಹಕಾರರ ಕಣ್ಣಿಗೆ ಅದರ ಮೊಟ್ಟೆ ಇನ್ನಷ್ಟು ಬೆಲೆಯದು. 1954ರಲ್ಲಿ ಒಂದು ಜೋಡಿ ಮರಳಿ ಬಂದು ಆ ಸೀಮೆಯಲ್ಲಿ ನೆಲೆಯೂರಿದಾಗ ವಿಷಯ ಬಲ್ಲವರು ತುಟಿ ಬಿಚ್ಚಲಿಲ್ಲ. ವರ್ಷಗಟ್ಟಲೆ ಗುಟ್ಟನ್ನು ಕಾಪಾಡಿದರು. ಆದರೂ ಯಾರ ಕಿವಿಗೆ ಬೀಳಬಾರದಿತ್ತೋ ಅವರಿಗೇ ಅದು ತಲುಪಿಬಿಟ್ಟಿತು. ಆಗ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಜಾರ್ಜ್ ವಾಟರ್‌ಸ್ಟನ್ ಯಾರೂ ಎಣಿಸದ ದಾರಿ ಹಿಡಿದರು. 1959ರಲ್ಲಿ ಗೂಡಿರುವ ಜಾಗವನ್ನು ನಾಡಿಗೆಲ್ಲ ಸಾರಿ, ಗೂಡಿನಿಂದ ದೂರದಲ್ಲಿ ಒಂದು ಮರೆ ಕಟ್ಟಿಸಿ, ದೂರದರ್ಶಕಗಳನ್ನು ಇಡಿಸಿ ಜನರನ್ನು ಕರೆದರು. ಆ ಒಂದೇ ಹಂಗಾಮಿನಲ್ಲಿ ಸುಮಾರು 14,000 ಮಂದಿ ಬಂದು ನೋಡಿದರು. ಗೂಡಿನಿಂದ ಮೂರು ಮರಿಗಳು ಹಾರಿದವು.

ಅಪರೂಪದ ಹಕ್ಕಿ ಕಂಡಾಗ ನಾಲ್ಕು ಜನಕ್ಕೆ ಹೇಳಬೇಕೋ, ಬಾಯಿ ಮುಚ್ಚಿಕೊಂಡಿರಬೇಕೋ ಎಂಬ ವಾದ ಪಕ್ಷಿಪ್ರಿಯರ ನಡುವೆ ಎದ್ದಾಗಲೆಲ್ಲ ಈ ಗೂಡನ್ನು ನೆನೆಯಬೇಕು. ಅದೇ ಸರೋವರ, ಅದೇ ಜಾತಿಯ ಹಕ್ಕಿ. ಒಂದು ವರ್ಷ ಗುಟ್ಟು ಅದನ್ನು ಕಾಯಲಿಲ್ಲ, ಮರುವರ್ಷ ಸಾವಿರಾರು ಕಣ್ಣುಗಳು ಕಾದವು. ಹಾಗೆಂದು ಎಲ್ಲ ಗೂಡುಗಳ ವಿಳಾಸವನ್ನೂ ಬಯಲಿಗಿಡಬಹುದೇ? ಲಾಕ್ ಗಾರ್ಟನ್ನಿನಲ್ಲಿ ಜನ ಬರುವ ಮೊದಲೇ ಮರೆ ಇತ್ತು, ಕಾವಲಿತ್ತು, ಇಲ್ಲಿಂದ ಮುಂದೆ ಹೋಗುವಂತಿಲ್ಲ ಎಂಬ ಗೆರೆಯಿತ್ತು. ನಮ್ಮ ಕಡೆ ಹಕ್ಕಿಯ ಸುದ್ದಿ ಹಬ್ಬುವಾಗ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಂಚಿನಲ್ಲಿ ಹಕ್ಕಿಗಳ ಹಿಂದೆ ಅಲೆಯುತ್ತಿದ್ದ ಕಾಲದಲ್ಲಿ ತೆಗೆದ ಚಿತ್ರ ಹೇಗೆ ಬಂದಿದೆ ಎಂದು ತಿಳಿಯಲು ಫಿಲ್ಮ್ ರೋಲು ಮುಗಿದು, ಅದನ್ನು ತೊಳೆಸಿ ತರುವವರೆಗೆ ಕಾಯಬೇಕಿತ್ತು. ಅದು ಇನ್ನೊಬ್ಬರ ಕಣ್ಣಿಗೆ ಬೀಳುವ ಹೊತ್ತಿಗೆ ಮರಿಗಳು ಗೂಡು ಬಿಟ್ಟು ಎಷ್ಟೋ ದಿನವಾಗಿರುತ್ತಿತ್ತು. ಆ ನಿಧಾನವೇ ಹಕ್ಕಿಗೆ ಒಂದು ಬೇಲಿಯಾಗಿತ್ತು. ಈಗ ಬೆಳಿಗ್ಗೆ ಏಳಕ್ಕೆ ತೆಗೆದ ಚಿತ್ರ ತಿಂಡಿ ತಿನ್ನುವಷ್ಟರಲ್ಲಿ ಹತ್ತು ವಾಟ್ಸ್‌ಆ್ಯಪ್ ಗುಂಪು ಸುತ್ತಿ ಬಂದಿರುತ್ತದೆ. ಚಿತ್ರದ ಕೆಳಗೆ ಮೆಚ್ಚುಗೆಯ ಎರಡು ಮಾತು, ಮೂರನೆಯದು ‘ಲೊಕೇಶನ್ ಪ್ಲೀಸ್’. ಬದುಕಿನಲ್ಲಿ ಮೊದಲ ಬಾರಿಗೆ ಕಂಡ ಜಾತಿಯನ್ನು ಪಕ್ಷಿವೀಕ್ಷಕರು ‘ಲೈಫರ್’ ಎನ್ನುತ್ತಾರೆ. ಒಬ್ಬರ ಲೈಫರ್ ಚಿತ್ರ ಕಂಡರೆ ಉಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಭಾನುವಾರದ ಹೊತ್ತಿಗೆ ಆ ಜಾಗದಲ್ಲಿ ಕಾರುಗಳ ಸಾಲು.

ಬರುವವರಲ್ಲಿ ಕೆಟ್ಟವರು ತೀರಾ ಕಡಿಮೆ. ಹಕ್ಕಿಯ ಮೇಲಿನ ಪ್ರೀತಿಯಿಂದಲೇ ಬಹುತೇಕರು ಬಂದಿರುತ್ತಾರೆ. ತೊಂದರೆಯಾಗುವುದು ಒಬ್ಬೊಬ್ಬರಿಂದಲ್ಲ, ಅವರೆಲ್ಲರನ್ನು ಕೂಡಿಸಿದಾಗ. ಗೂಡಿನ ಮುಂದೆ ಒಬ್ಬರು ಹತ್ತು ನಿಮಿಷ ನಿಂತು ಹೋದರೆ ಹಕ್ಕಿ ಸಹಿಸಿಕೊಂಡೀತು. ಮೂವತ್ತು ಜನ ತಲಾ ಹತ್ತು ನಿಮಿಷ ನಿಂತರೆ ಐದು ತಾಸಾಯಿತು. ಅಷ್ಟು ಹೊತ್ತು ತಾಯಿಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ಪಕ್ಕದ ಕೊಂಬೆಯಲ್ಲೇ ಚಡಪಡಿಸುತ್ತದೆ. ಕಾವಿನಿಂದ ಎದ್ದುಹೋದರೆ ಬೇಸಿಗೆಯ ಬಿಸಿಲಿಗೆ ತೆರೆದ ಮೊಟ್ಟೆಯೊಳಗಿನ ಜೀವ ಹೆಚ್ಚು ಹೊತ್ತು ತಾಳದು. ಈ ನಡುವೆ ಕಾಗೆ, ಕೆಂಬೂತಗಳು ಮನುಷ್ಯರ ಚಲನವಲನವನ್ನೇ ಗಮನಿಸುತ್ತಿರುತ್ತವೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆಕೊಂಬೆ ಸವರಿದರಂತೂ ಅವುಗಳಿಗೆ ಬಾಗಿಲು ತೆರೆದು ಕೊಟ್ಟ ಹಾಗೆ.

ನಮ್ಮ ಕಾನೂನು ಈ ವಿಷಯದಲ್ಲಿ ಹೆಚ್ಚಿನವರು ಊಹಿಸಿದ್ದಕ್ಕಿಂತ ಕಟುವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದು, ಬಲೆ ಹಾಕುವುದಷ್ಟೇ ಇಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು, ಆಮಿಷವೊಡ್ಡಿ ಕರೆಯುವುದು ಕೂಡ ಬೇಟೆಯೇ. ಅಂದರೆ ಕಾಯ್ದೆಯಿಂದ ರಕ್ಷಣೆ ಪಡೆದ ಹಕ್ಕಿಯ ಗೂಡಿನ ಮರೆಯನ್ನು ಕತ್ತರಿಸಿ ಫೋಟೊ ತೆಗೆಯುವವರು ಕಾನೂನಿನ ಕಣ್ಣಿನಲ್ಲಿ ಬಲೆ ಹಾಕಿದವರ ಸಾಲಿನಲ್ಲೇ ನಿಲ್ಲಬೇಕಾದೀತು. ಈ ಸಂಗತಿ ಪ್ರತಿ ಛಾಯಾಗ್ರಹಣ ಶಿಬಿರದ ಮೊದಲ ಪಾಠವಾಗಬೇಕಿತ್ತು.

ಕೂಗಿನ ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಹೊರಗೆಳೆಯುವ ಅಭ್ಯಾಸವೂ ವಿಳಾಸದ ಜೊತೆಜೊತೆಗೇ ಹಬ್ಬುತ್ತದೆ. ಮುಂಗಾರಿಗೆ ಮುನ್ನ ಹಾಡುವ ನವರಂಗದಂಥ ಗಂಡುಹಕ್ಕಿಗೆ ಆ ಧ್ವನಿ ತನ್ನ ಹದ್ದಿನೊಳಗೆ ನುಗ್ಗಿದ ಎದುರಾಳಿಯದು. ಅದು ಇರುವ ಕೆಲಸ ಬಿಟ್ಟು, ಕಣ್ಣಿಗೇ ಕಾಣದ ಆ ವೈರಿಯನ್ನು ಹುಡುಕಿಕೊಂಡು ಬರುತ್ತದೆ. ಫೋಟೊ ಸಿಗುತ್ತದೆ. ಮರುದಿನ ಬೇರೆ ತಂಡ, ಬೇರೆ ಸ್ಪೀಕರ್, ಅದೇ ಕೂಗು.

ಜಾಗ ಹೇಳದಿದ್ದರೆ ಸಾಕೇ ಎಂದರೆ ಅದೂ ಸಾಲದು. ಮೊಬೈಲಿನಲ್ಲಿ ಲೊಕೇಶನ್ ಚಾಲೂ ಇದ್ದರೆ ಚಿತ್ರದ ಕಡತದೊಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತವೆ. ಹಿನ್ನೆಲೆಯಲ್ಲಿ ಕಾಣುವ ಗುಡ್ಡದ ಆಕಾರ, ಗಾಳಿಯಂತ್ರದ ಸಾಲು, ಕೆರೆ ಏರಿಯ ಮೇಲಿನ ಗುಡಿ, ಇಷ್ಟು ಸಾಕು ಆ ಸೀಮೆ ಬಲ್ಲವನಿಗೆ. ಸಂಶೋಧಕರೂ ಈ ಬಲೆಯಿಂದ ತಪ್ಪಿಸಿಕೊಂಡವರಲ್ಲ. ಆಸ್ಟ್ರೇಲಿಯದ ಪರಿಸರ ವಿಜ್ಞಾನಿಗಳಾದ ಡೇವಿಡ್ ಲಿಂಡನ್‌ಮೇಯರ್ ಮತ್ತು ಬೆನ್ ಶೀಲ್ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿರಳ ಜೀವಿಗಳ ನಿಖರ ನೆಲೆಯನ್ನು ಪ್ರಕಟಿಸಬೇಡಿ ಎಂಬುದೇ ಅದರ ಒಟ್ಟು ಸಾರ. ಅವರು ಅಧ್ಯಯನ ಮಾಡುತ್ತಿದ್ದ ಕಾಲಿಲ್ಲದ ಪುಟ್ಟ ಹಲ್ಲಿಯೊಂದರ ನೆಲೆಗಳು ಸಾರ್ವಜನಿಕ ದತ್ತಾಂಶಕ್ಕೆ ಸೇರಿದ ಮೇಲೆ ಅದನ್ನು ಹುಡುಕುವವರು ರೈತರ ಹೊಲಗಳಿಗೇ ಅನುಮತಿಯಿಲ್ಲದೆ ನುಗ್ಗತೊಡಗಿದ್ದರು. ಎಲ್ಲವನ್ನೂ ಪ್ರಕಟಿಸುವುದೇ ವಿಜ್ಞಾನದ ಧರ್ಮ ಎಂದು ನಂಬಿ ಬೆಳೆದವರು ಹೀಗೆ ಬರೆಯಬೇಕಾಗಿ ಬಂತು.

ಹಕ್ಕಿಗಳ ದಾಖಲೆಯ ವಿಷಯದಲ್ಲಿ ಇದಕ್ಕೊಂದು ನಡುದಾರಿ ಕಂಡುಕೊಂಡದ್ದು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವ ಇ-ಬರ್ಡ್. ಜನಸಾಮಾನ್ಯರು ಎಲ್ಲಿ, ಯಾವಾಗ, ಯಾವ ಹಕ್ಕಿ ಎಷ್ಟು ಕಂಡೆವು ಎಂದು ಅದರಲ್ಲಿ ಪಟ್ಟಿ ಬರೆಯುತ್ತಾರೆ. ಭಾರತದ ಇಂಥ ಪಟ್ಟಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಪಾಲು ದೊಡ್ಡದು. ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸಿದ್ಧವಾಯಿತು. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಲಾಗಿದೆ. ಯಾವ ಹಕ್ಕಿ ಕುಸಿಯುತ್ತಿದೆ ಎಂಬುದು ಈ ದೇಶಕ್ಕೆ ಇಂದು ಇಷ್ಟಾದರೂ ಗೊತ್ತಿದ್ದರೆ, ಸಾವಿರಾರು ಜನ ಕಂಡದ್ದನ್ನು ಮುಚ್ಚಿಡದೆ ಬರೆದದ್ದರಿಂದ. ಆದ್ದರಿಂದ ಬಾಯಿ ಮುಚ್ಚಿಕೊಂಡಿರಿ ಎಂಬ ಸರಳ ಉಪದೇಶ ಹಕ್ಕಿಗಳಿಗೇ ನಷ್ಟ ತರಬಲ್ಲದು.

ಇ-ಬರ್ಡ್ 2017ರಲ್ಲಿ ತಂದ ವ್ಯವಸ್ಥೆ ಹೀಗೆ ಕೆಲಸ ಮಾಡುತ್ತದೆ. ಪಂಜರಕ್ಕಾಗಿ ಹಿಡಿಯುವ, ಬೇಟೆಗೆ ಗುರಿಯಾಗುವ, ಜನ ಮುತ್ತಿದರೆ ಗೂಡು ಕೆಡುವ ಜಾತಿಗಳನ್ನು ಸೂಕ್ಷ್ಮ ಜಾತಿಗಳೆಂದು ಗುರುತಿಸುತ್ತಾರೆ. ಅವುಗಳನ್ನು ಕಂಡವರು ದಾಖಲೆಯನ್ನು ಪೂರ್ತಿಯಾಗಿಯೇ ಬರೆಯಬಹುದು. ಹೊರಗಿನವರಿಗೆ ಮಾತ್ರ ಆ ಹಕ್ಕಿ 20 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಒಂದು ಚೌಕದಲ್ಲಿ ಎಲ್ಲೋ ಇದೆ ಎಂದಷ್ಟೇ ತೋರುತ್ತದೆ. ಕೊಂಬಿನಂಥ ಗಟ್ಟಿ ಕಿರೀಟಕ್ಕಾಗಿ ಕೊಲೆಯಾಗುತ್ತಿರುವ ಆಗ್ನೇಯ ಏಷ್ಯಾದ ಹೆಲ್ಮೆಟೆಡ್ ಹಾರ್ನ್‌ಬಿಲ್, ಪಂಜರದ ಮಾರುಕಟ್ಟೆಗೆ ಸಿಕ್ಕ ಆಫ್ರಿಕಾದ ಬೂದು ಗಿಳಿ ಇಂಥ ಜಾತಿಗಳು. ನಿಖರ ವಿಳಾಸ ನಾಶವಾಗುವುದಿಲ್ಲ, ಸಂರಕ್ಷಣೆಗೆ ಬೇಕಾದಾಗ ತೆಗೆಯಲು ಬರುವಂತೆ ಒಳಗೇ ಇರುತ್ತದೆ. ಮೂಲೆಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಜಮೀನಿನ ಪತ್ರದ ಹಾಗೆ.

ಆ ಪತ್ರವನ್ನೇ ಯಾರೋ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ್ದೇ ಒಂದು ಕಥೆಯಿದೆ. ಮಧ್ಯಭಾರತದ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1884ರ ನಂತರ ನಿಜವಾಗಿ ಯಾರ ಕೈಗೂ ಸಿಕ್ಕಿರಲಿಲ್ಲ. ರಿಚರ್ಡ್ ಮೈನರ್ಟ್ಸ್‌ಹೇಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಾತ್ರ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಒಂದನ್ನು ಹಿಡಿದೆನೆಂದು ಬರೆದಿಟ್ಟಿದ್ದ. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್‌ಮುಸೆನ್ ಆ ಮಾದರಿಯನ್ನು ತಪಾಸಣೆ ಮಾಡಿದಾಗ ಬೇರೆಯೇ ಸತ್ಯ ಹೊರಬಿತ್ತು. ಮ್ಯೂಸಿಯಮ್ಮಿನಿಂದ ಕದ್ದ ಹಳೆಯ ಹಕ್ಕಿಯನ್ನೇ ಮತ್ತೆ ತುಂಬಿ ಹೊಲಿದು ಸುಳ್ಳು ಚೀಟಿ ಕಟ್ಟಿದ್ದ. ಆ ವಿಳಾಸವನ್ನು ಪಕ್ಕಕ್ಕಿಟ್ಟು, ನಂಬಬಹುದಾದ ಹಳೆಯ ದಾಖಲೆಗಳ ಜಾಡು ಹಿಡಿದು ಹೊರಟ ರಾಸ್‌ಮುಸೆನ್ ಮತ್ತು ಜೊತೆಗಾರರಿಗೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಸಿಕ್ಕಿತು. 113 ವರ್ಷಗಳ ನಂತರ! ಗುಟ್ಟು ಕಾಯಲೆಂದು ಸುಳ್ಳು ಜಾಗ ಹೇಳುವವರು ಈಗಲೂ ಇದ್ದಾರೆ. ಹೇಳಲಾಗದಿದ್ದರೆ ಹೇಳುವುದಿಲ್ಲ ಎನ್ನಬಹುದು. ತಪ್ಪು ಊರಿನ ಹೆಸರು ಬರೆದರೆ ಮುಂದಿನ ತಲೆಮಾರು ಇಲ್ಲದ ಕಾಡಿನಲ್ಲಿ ಹುಡುಕುತ್ತದೆ, ಇರುವ ಕಾಡು ಅಷ್ಟರಲ್ಲಿ ಉರುಳಿರುತ್ತದೆ.

ಕೂಗಿ ಹೇಳಿದ್ದರಿಂದಲೇ ಉಳಿದ ಹಕ್ಕಿಗಳೂ ಇವೆ. 2012ರ ಅಕ್ಟೋಬರಿನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ದಡದಲ್ಲಿ ಅಮೂರ್ ಫಾಲ್ಕನ್ ಎಂಬ ವಲಸೆ ಬೇಟೆಹಕ್ಕಿಗಳು ಮೀನುಬಲೆಗೆ ಬಿದ್ದು ರಾಶಿರಾಶಿಯಾಗಿ ಸಾಯುತ್ತಿದ್ದವು. ಬಾನೊ ಹರಾಲು, ಶಶಾಂಕ್ ದಳವಿ, ರಾಮ್ಕಿ ಶ್ರೀನಿವಾಸನ್ ಮತ್ತು ರೊಕೊಹೆಬಿ ಕುಓತ್ಸು ಅದನ್ನು ಚಿತ್ರೀಕರಿಸಿದರು. ರಾಮ್ಕಿಯವರು ಬೆಂಗಳೂರಿನವರು, ಆ ವರದಿ ಹೊರಬಂದದ್ದು ಅವರು ಕಟ್ಟಿದ ಕನ್ಸರ್ವೇಶನ್ ಇಂಡಿಯಾದ ಮೂಲಕ. ಒಂದೇ ಹಂಗಾಮಿನಲ್ಲಿ 1,20,000ದಿಂದ 1,40,000 ಹಕ್ಕಿಗಳು ಸತ್ತಿರಬಹುದೆಂದು ಅವರು ಅಂದಾಜಿಸಿದರು. ಜಗತ್ತು ಬೆಚ್ಚಿತು. ಪಾಂಗ್ಟಿ ಮುಂತಾದ ಹಳ್ಳಿಗಳ ಹಿರಿಯರು, ಚರ್ಚುಗಳು, ಅರಣ್ಯ ಇಲಾಖೆ ಕೂತು ಮಾತಾಡಿದರು. 2013ರಲ್ಲಿ ಅಲ್ಲಿ ಬಲೆ ಬೀಳಲಿಲ್ಲ. ಆ ವರ್ಷ ಉಪಗ್ರಹ ಸಾಧನ ಕಟ್ಟಿ ಹಾರಿಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಎಂದೇ ಹೆಸರಿಟ್ಟರು. ಹಿಂದಿನ ವರ್ಷ ಬಲೆ ಹಾಕಿದ್ದ ಊರಿನ ಹೆಸರು ಹೊತ್ತು ಒಂದು ಹಕ್ಕಿ ಅರಬ್ಬಿ ಸಮುದ್ರ ದಾಟಿತು.

ಜಾಗ ಹೇಳಿದರೆ ಅಲ್ಲಿ ಅದನ್ನು ಕಾಯುವವರು ಯಾರಿದ್ದಾರೆ ಎಂಬುದು ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಆ ಊರನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಬಸ್ಸು ತುಂಬ ಜನ ಬಂದರೂ ಅಲ್ಲಿ ಗೂಡುಗಳು ಉಳಿದಿವೆ, ಏಕೆಂದರೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಆ ಹಕ್ಕಿಗಳನ್ನು ಕಾಣುವ ಜನ ಪ್ರತಿ ಮರದ ಕೆಳಗೂ ಇದ್ದಾರೆ. ಅರುಣಾಚಲದ ಈಗಲ್‌ನೆಸ್ಟ್ ಬಳಿ ಖಗೋಳ ವಿಜ್ಞಾನಿ ರಮಣ ಆತ್ರೇಯ ಕಂಡುಹಿಡಿದು 2006ರಲ್ಲಿ ಲೋಕಕ್ಕೆ ತಿಳಿಸಿದ ಬುಗುನ್ ಲಿಯೊಸಿಕ್ಲಾದ ಕಥೆಯೂ ಇದೇ. ಆಗ ಲೆಕ್ಕಕ್ಕೆ ಸಿಕ್ಕಿದ್ದು 14 ಹಕ್ಕಿಗಳು ಮಾತ್ರ. ಹೊಸ ಜಾತಿಯೆಂದು ಸಾಧಿಸಲು ಒಂದನ್ನು ಕೊಲ್ಲುವ ವಾಡಿಕೆಯನ್ನು ಅವರು ಒಪ್ಪಲಿಲ್ಲ, ಬಲೆಯಲ್ಲಿ ಉದುರಿದ ಗರಿ ಮತ್ತು ಚಿತ್ರಗಳನ್ನೇ ಆಧಾರ ಮಾಡಿಕೊಂಡರು. ಹಕ್ಕಿಗೆ ಅಲ್ಲಿನ ಬುಗುನ್ ಬುಡಕಟ್ಟಿನ ಹೆಸರಿಟ್ಟರು. ಮುಂದೆ ಆ ಜನರೇ ತಮ್ಮ ಕಾಡಿನ ಒಂದು ಭಾಗವನ್ನು ಸಮುದಾಯ ಮೀಸಲಾಗಿ ಕಾದುಕೊಂಡರು.

ಇನ್ನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ನೋಡಿದರೆ ಪರಿಸ್ಥಿತಿಯೇ ಬೇರೆ. ಎರೆಭೂತ, ಎರ್ಲಡ್ಡು ಎಂದು ನಮ್ಮ ರೈತರು ಕರೆಯುವ ಹಕ್ಕಿ ಇಡೀ ಭಾರತದಲ್ಲಿ ಉಳಿದಿರುವುದೇ ಸುಮಾರು 150. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು, ಅದೂ ಸಿರುಗುಪ್ಪದ ಎರೆಹೊಲಗಳಲ್ಲಿ. ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಲ್ಲಿ ಮರವಿಲ್ಲ, ಕಟ್ಟೆಯಿಲ್ಲ, ಊರಿನ ಕಣ್ಣಿಲ್ಲ. ತಾಲ್ಲೂಕಿನ ಹೆಸರು ಸರ್ಕಾರದ ಕಾಗದಗಳಲ್ಲೂ ಪತ್ರಿಕೆಗಳಲ್ಲೂ ಇದೆ, ಅದನ್ನು ಹೇಳುವುದರಿಂದ ಇನ್ನು ಏನೂ ಕೆಡುವುದಿಲ್ಲ. ಯಾವ ಹೊಲ, ಯಾವ ಹಳ್ಳದ ಬದು ಎಂಬುದು ಮಾತ್ರ ಅರಣ್ಯ ಇಲಾಖೆಯವರು ಮತ್ತು ಆ ಹೊಲದ ರೈತರ ಆಚೆ ಯಾರಿಗೂ ಬೇಕಿಲ್ಲ. ಒಂದು ಜೀಪು ಸಾಲು ತಪ್ಪಿ ಓಡಿದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಬಹುದು.

ಬೆಂಗಳೂರಿನ ಅಂಚಿನ ಹೆಸರಘಟ್ಟ ಹುಲ್ಲುಗಾವಲು ಈ ಎರಡು ತುದಿಗಳ ನಡುವೆ ಸಿಕ್ಕಿಕೊಂಡಿರುವ ಜಾಗ. ಪಕ್ಷಿಪ್ರಿಯರು ವರ್ಷಗಟ್ಟಲೆ ಬರೆದಿಟ್ಟ ಹಕ್ಕಿಗಳ ಪಟ್ಟಿ ಆ ಹುಲ್ಲುಗಾವಲನ್ನು ಉಳಿಸುವ ಹೋರಾಟಕ್ಕೆ ಬಲ ಕೊಟ್ಟಿತು. ಅದೇ ಬಳಗದ ಕೆಲವರು ಚಳಿಗಾಲದ ಬೇಟೆಹಕ್ಕಿಗಳ ಬೆನ್ನುಹತ್ತಿ ಹುಲ್ಲಿನ ಮೇಲೆಯೇ ಕಾರು ಓಡಿಸಿದ್ದೂ ಉಂಟು. ನೆಲಗುಬ್ಬಿಗಳ ಗೂಡು ಇರುವುದು ಆ ಹುಲ್ಲಿನ ಬುಡದಲ್ಲಿ.

ಅನುಭವಿಗಳು ಈಗ ಕೆಲವು ಪದ್ಧತಿ ರೂಢಿಸಿಕೊಂಡಿದ್ದಾರೆ. ಗೂಡಿನ ಚಿತ್ರ ಹಂಚುವುದೇ ಇಲ್ಲ. ಹಗಲು ಮಲಗುವ ಗೂಬೆ, ಕಪ್ಪೆಬಾಯಿಗಳ ಕೊಂಬೆಯನ್ನು ಯಾರಿಗೂ ತೋರಿಸುವುದಿಲ್ಲ. ವಲಸೆ ಹಕ್ಕಿಯ ಸುದ್ದಿಯನ್ನು ಅದು ಹೊರಟುಹೋದ ಮೇಲೆ ಬರೆಯುತ್ತಾರೆ. ಊರಿನ ಬದಲು ಜಿಲ್ಲೆಯ ಹೆಸರು ಹಾಕುತ್ತಾರೆ. ಕೆರೆಯ ನಡುವೆ, ಎಲ್ಲರಿಗೂ ಕಾಣುವಂತೆ, ದಡದಿಂದ ದೂರದಲ್ಲಿ ಈಜುವ ಬಾತು ಬಂದರೆ ಅವತ್ತೇ ಎಲ್ಲರನ್ನೂ ಕರೆಯುತ್ತಾರೆ, ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹಕ್ಕಿ ನೋಡುವ ಹಿಗ್ಗು ಬಲ್ಲವರು ಹೆಚ್ಚಾದಷ್ಟೂ ಕೆರೆಗೆ ಒಳ್ಳೆಯದು.

ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಒಂದು ಇರುಳುಹಕ್ಕಿಯಿದೆ. ಜರ್ಡನ್ಸ್ ಕೋರ್ಸರ್ ಎಂದು ಲೋಕಕ್ಕೆ, ಕಲಿವಿ ಕೋಡಿ ಎಂದು ಅಲ್ಲಿನ ಜನಕ್ಕೆ ಗೊತ್ತು. 1900ರ ನಂತರ ಕಾಣದೆ, ಅಳಿದೇಹೋಯಿತು ಎಂದುಕೊಂಡಿದ್ದರು. 1986ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನು ಹುಡುಕುತ್ತಿದ್ದಾಗ ಐತನ್ನ ಎಂಬ ಸ್ಥಳೀಯ ಬೇಟೆಗಾರ ರಾತ್ರಿ ಒಂದನ್ನು ಹಿಡಿದು ತಂದ. 86 ವರ್ಷಗಳ ನಂತರ ಸಿಕ್ಕ ಆ ಹಕ್ಕಿ ಕೆಲವೇ ದಿನಗಳಲ್ಲಿ ಸತ್ತಿತು. ಆದರೆ ಅದರ ನೆಲೆ ಗೊತ್ತಾದ್ದರಿಂದ ಲಂಕಮಲ್ಲೇಶ್ವರ ಅಭಯಾರಣ್ಯ ಹುಟ್ಟಿತು. 2005ರಲ್ಲಿ ತೆಲುಗು ಗಂಗಾ ಕಾಲುವೆಯ ಅಗೆತ ಅದೇ ಕುರುಚಲಿಗೆ ಬಂದಾಗ, ಸಂಶೋಧಕ ಪಿ. ಜಗನ್ನಾಥನ್ ಮತ್ತು ಅವರ ಜೊತೆಯವರ ಬಳಿ ತೋರಿಸಲು ದಾಖಲೆಗಳಿದ್ದವು. ಹಕ್ಕಿಯ ಹೆಜ್ಜೆಗುರುತುಗಳು, ಕ್ಯಾಮೆರಾಗೆ ಸಿಕ್ಕ ಚಿತ್ರಗಳು, ಯಾವ ಪೊದೆಯ ಬಳಿ ಎಂಬ ಲೆಕ್ಕ. ಪ್ರವಾಸಿಗರಿಗೆ ಸಿಗದಿದ್ದ ಆ ವಿವರ ಅಧಿಕಾರಿಗಳ ಮೇಜಿಗೆ ಹೋಯಿತು, ಕಾಲುವೆಯ ದಾರಿಯನ್ನು ಬದಲಿಸಿದರು. ಆಮೇಲೂ ವರ್ಷಗಟ್ಟಲೆ ಹಕ್ಕಿ ಯಾರಿಗೂ ಕಾಣಲಿಲ್ಲ. 2025ರ ಆಗಸ್ಟಿನಲ್ಲಿ ಪಕ್ಷಿವೀಕ್ಷಕರ ಒಂದು ತಂಡ ಆಂಧ್ರದಲ್ಲಿ ಅದರ ಕೂಗನ್ನು ಧ್ವನಿಮುದ್ರಿಸಿಕೊಂಡು ಬಂತು.